ಟ್ಯಾಗ್ ಕೊಳ್ಳುವ ಮೊದಲು ಅದರ ಜಾಲವನ್ನು ವಿಚಾರಿಸಿ

ಮಾನ್ಯ ಸಂಪಾದಕರೇ,

ಬೀಗದ ಕೈ, ಪರ್ಸು, ಪ್ರಯಾಣದ ಚೀಲ ಮುಂತಾದವು ಕಳೆದುಹೋದಾಗ ಹುಡುಕಲು ನೆರವಾಗುವ ಬ್ಲೂಟೂತ್ ಟ್ಯಾಗ್‌ಗಳನ್ನು ಹೋಲಿಸಿ ನಿಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಓದಿದೆ. ಬೆಲೆ ಎಷ್ಟು, ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ಎಷ್ಟು ಮೀಟರ್ ದೂರದವರೆಗೆ ಸಂಪರ್ಕ ಸಿಗುತ್ತದೆ, ನೀರು ಬಿದ್ದರೆ ಕೆಡುತ್ತದೆಯೇ ಎಂಬುದನ್ನೆಲ್ಲ ಕೋಷ್ಟಕದಲ್ಲಿ ಅಚ್ಚುಕಟ್ಟಾಗಿ ಕೊಟ್ಟಿದ್ದೀರಿ. ಆದರೆ ದೊಡ್ಡ ನಗರಗಳ ಹೊರಗಿರುವ ನನ್ನಂಥವರಿಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದು ಅದರಲ್ಲಿ ಇರಲಿಲ್ಲ. ಟ್ಯಾಗ್ ಯಾವ ಕಂಪನಿಯ ಜಾಲಕ್ಕೆ ಸೇರಿದ್ದು, ಆ ಜಾಲದ ಫೋನುಗಳು ನಮ್ಮ ಊರಿನಲ್ಲಿ ಎಷ್ಟಿವೆ ಮತ್ತು ಹೇಗೆ ವರ್ತಿಸುತ್ತವೆ ಎಂಬುದೇ ಆ ಸಂಗತಿ.

ಈ ಟ್ಯಾಗ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಕೂಡ ಇರುವುದಿಲ್ಲ. ಬ್ಲೂಟೂತ್ ಮೂಲಕ ತಮ್ಮ ಗುರುತನ್ನು ಆಗಾಗ ಹೊರಸೂಸುವುದಷ್ಟೇ ಅವುಗಳ ಕೆಲಸ. ನಮ್ಮ ಮಾರಿಕಾಂಬೆಯ ಜಾತ್ರೆಯಲ್ಲಿ ಕೈತಪ್ಪಿದ ಮಗು ನಿಂತಲ್ಲೇ ಅಳುತ್ತಿದ್ದರೆ, ಅಳು ಕೇಳಿಸಿಕೊಂಡವರು ಯಾರಾದರೂ ಪೊಲೀಸ್ ಚೌಕಿಗೆ ಸುದ್ದಿ ಮುಟ್ಟಿಸಬೇಕಲ್ಲವೇ, ಇಲ್ಲಿಯೂ ಹಾಗೆಯೇ. ಹತ್ತಿರದಲ್ಲಿ ಹಾದುಹೋಗುವ ಅಪರಿಚಿತರ ಫೋನು ಆ ಸಂಕೇತವನ್ನು ಹಿಡಿದು, ತಾನಿರುವ ಸ್ಥಳವನ್ನು ಗೂಢಲಿಪಿಯಲ್ಲಿ ಕಂಪನಿಯ ಸರ್ವರಿಗೆ ಕಳಿಸುತ್ತದೆ, ಅದನ್ನು ಬಿಡಿಸಿ ಓದುವ ಕೀಲಿ ಟ್ಯಾಗಿನ ಒಡೆಯರ ಬಳಿ ಮಾತ್ರ ಇರುತ್ತದೆ. ಹೀಗಿರುವಾಗ ನಾವು ಹಣ ಕೊಟ್ಟು ಕೊಳ್ಳುವುದು ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಲ್ಲ, ಸುತ್ತಲಿನ ಜನರ ಫೋನುಗಳ ನೆರವನ್ನು.

ಆ ನೆರವು ಒಂದೊಂದು ಜಾಲದಲ್ಲಿ ಒಂದೊಂದು ಬಗೆ. 2021ರ ಏಪ್ರಿಲ್‌ನಲ್ಲಿ ಬಂದ ಆಪಲ್‌ನ ಏರ್‌ಟ್ಯಾಗ್ ಇರುವಲ್ಲಿ ಒಂದೇ ಒಂದು ಐಫೋನು ಹಾದುಹೋದರೂ ಸ್ಥಳ ದಾಖಲಾಗಬಹುದು, ಆದರೆ ನಮ್ಮ ಸಣ್ಣ ಊರುಗಳಲ್ಲಿ ಐಫೋನುಗಳೇ ವಿರಳ. ಗೂಗಲ್‌ನ ಜಾಲ 2024ರಲ್ಲಿ ಶುರುವಾಯಿತು, ಈಗ ಅದರ ಹೆಸರು ಫೈಂಡ್ ಹಬ್. ಆಂಡ್ರಾಯ್ಡ್ ಫೋನುಗಳು ಊರ ತುಂಬ ಇರುವುದರಿಂದ ಗೆಲುವು ಇದರದೇ ಎಂದು ಯಾರಿಗಾದರೂ ತೋರೀತು. ತೊಡಕಿರುವುದು ಸೆಟ್ಟಿಂಗ್‌ನಲ್ಲಿ. ಫೋನಿನಲ್ಲಿ ಮೊದಲೇ ಹೊಂದಿಸಿ ಕೊಟ್ಟಿರುವ ಆಯ್ಕೆಯ ಪ್ರಕಾರ, ಜನನಿಬಿಡ ಪ್ರದೇಶಗಳಲ್ಲಿ ಮಾತ್ರ, ಅಂದರೆ ಹಲವು ಫೋನುಗಳು ಒಂದೇ ಟ್ಯಾಗನ್ನು ಗುರುತಿಸಿದಾಗ ಮಾತ್ರ, ಆ ವರದಿಗಳನ್ನು ಒಟ್ಟುಗೂಡಿಸಿ ಒಡೆಯರಿಗೆ ಸ್ಥಳ ತೋರಿಸಲಾಗುತ್ತದೆ. ಒಬ್ಬಂಟಿ ಮನೆಯಲ್ಲಿರುವವರ ಖಾಸಗಿತನವನ್ನು ಕಾಪಾಡಲು ಮಾಡಿದ ಈ ಏರ್ಪಾಡು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯೂ ಇದೆ. ಆದರೆ ಅಡಿಕೆ ತೋಟದ ದಾರಿಯಲ್ಲಿ ಬಿದ್ದ ಬೈಕಿನ ಕೀಲಿಯ ಪಕ್ಕದಲ್ಲಿ ಹಲವು ಫೋನುಗಳು ಹಾಯುವುದು ಯಾವ ಕಾಲಕ್ಕೆ?

ಇದನ್ನು ಕಣ್ಣಾರೆ ನೋಡಬೇಕೆಂದು, ನೆರೆಮನೆಯ ಕಾಲೇಜು ಹುಡುಗನೊಬ್ಬ ಕುಮಟಾಕ್ಕೆ ಹೊರಟಾಗ ಅವನ ಒಪ್ಪಿಗೆ ಪಡೆದು ಎರಡೂ ಜಾಲಗಳ ಒಂದೊಂದು ಟ್ಯಾಗನ್ನು ಅವನ ಚೀಲದಲ್ಲಿ ಇಟ್ಟುಕಳಿಸಿದೆ. ಶಿರಸಿಯ ಬಸ್ ನಿಲ್ದಾಣದಲ್ಲಿ ಎರಡೂ ಸರಿಯಾಗಿಯೇ ಕಾಣಿಸಿದವು. ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಎರಡೂ ಮೌನವಾದವು. ಘಟ್ಟದ ಬುಡದಲ್ಲಿ ಏರ್‌ಟ್ಯಾಗ್ ಒಮ್ಮೆ ನಕಾಶೆಯ ಮೇಲೆ ಮೂಡಿತು, ಯಾರೋ ಪ್ರವಾಸಿಗರ ಐಫೋನಿನ ಪುಣ್ಯ ಇರಬೇಕು. ಇನ್ನೊಂದು ಮಾತ್ರ ಕುಮಟಾ ನಿಲ್ದಾಣ ಮುಟ್ಟುವವರೆಗೂ ಶಿರಸಿಯಲ್ಲೇ ಇದ್ದಂತೆ ತೋರಿಸುತ್ತಿತ್ತು. ನಕಾಶೆಯಲ್ಲಿ ಸ್ಥಳದ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಒಂದು ಗಂಟೆಯ ಹಿಂದೆ’ ಎಂದೋ ಮತ್ತೇನೋ ಬರೆದಿರುತ್ತದೆ. ಅದನ್ನು ಓದದೆ ಚುಕ್ಕೆಯನ್ನಷ್ಟೇ ನೋಡುವವರು ಬಸ್ಸು ಬಿಟ್ಟುಹೋದ ನಿಲ್ದಾಣದಲ್ಲಿ ಚೀಲವನ್ನು ಹುಡುಕಿಕೊಂಡು ಅಲೆಯುತ್ತಾರೆ. ಒಂದು ಪ್ರಯಾಣದಿಂದ ಯಾವ ಜಾಲ ಮೇಲು ಎಂದು ತೀರ್ಪು ಕೊಡಲಾಗದು, ನಾನು ಕೊಡುವುದೂ ಇಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆದ ಮೀಟರಿನ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಗೂಗಲ್‌ನ ಆ ಸೆಟ್ಟಿಂಗನ್ನು ನಾವೇ ಬದಲಾಯಿಸಬಹುದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗಕ್ಕೆ ಹೋಗಿ, ಫೈಂಡ್ ಹಬ್‌ನಲ್ಲಿ ಆಫ್‌ಲೈನ್ ಸಾಧನಗಳನ್ನು ಹುಡುಕುವ ಆಯ್ಕೆಯನ್ನು ‘ಎಲ್ಲ ಪ್ರದೇಶಗಳಲ್ಲಿ’ ಎಂದು ಮಾಡಿಕೊಂಡರೆ, ಆ ಫೋನು ಒಂಟಿಯಾಗಿ ಕಂಡ ಟ್ಯಾಗ್‌ನ ಸ್ಥಳವನ್ನೂ ತಿಳಿಸುತ್ತದೆ. ಇದರಿಂದ ಮುಖ್ಯವಾಗಿ ಪ್ರಯೋಜನವಾಗುವುದು ಬೇರೆಯವರಿಗೆ. ನನ್ನ ವಸ್ತು ಸಿಗಬೇಕಾದರೆ ನನ್ನ ಊರಿನವರು ಅವರವರ ಫೋನುಗಳಲ್ಲಿ ಇದನ್ನು ಮಾಡಿಕೊಂಡಿರಬೇಕು. ಮೊಬೈಲ್ ಅಂಗಡಿಯವರು ಟ್ಯಾಗ್ ಮಾರುವಾಗ ಇದನ್ನು ಹೇಳಿಕೊಡುವುದನ್ನು ನಾನು ಎಲ್ಲಿಯೂ ಕಂಡಿಲ್ಲ.

ಅಂಗಡಿಯಲ್ಲಿ ಇನ್ನೊಂದು ಗೊಂದಲವೂ ಇದೆ. 2023ರಲ್ಲಿ 749 ರೂಪಾಯಿಗೆ ಬಂದ ಮೊದಲ ಜಿಯೋಟ್ಯಾಗ್ ಜಿಯೋದ ಸ್ವಂತ ಜಾಲವನ್ನು ನೆಚ್ಚಿಕೊಂಡಿತ್ತು. 2024ರಲ್ಲಿ ಬಂದ ಜಿಯೋಟ್ಯಾಗ್ ಏರ್ ಆಪಲ್‌ನ ಜಾಲಕ್ಕೆ ಸೇರಬಲ್ಲದು, ಅದೇ ವರ್ಷದ ಕೊನೆಯಲ್ಲಿ ಬಂದ ಜಿಯೋಟ್ಯಾಗ್ ಗೋ ಗೂಗಲ್‌ನದಕ್ಕೆ ಸೇರುತ್ತದೆ. ಹೆಸರು ಹೆಚ್ಚುಕಡಿಮೆ ಒಂದೇ, ಬಿಡುಗಡೆಯಾದಾಗ ಕೊನೆಯ ಎರಡರ ಬೆಲೆಯೂ ಒಂದೇ, 1,499 ರೂಪಾಯಿ. ಗ್ರಾಹಕ ಯಾವುದನ್ನೆಂದು ಎತ್ತಿಕೊಳ್ಳಬೇಕು? ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್2 ಆ ಕಂಪನಿಯ ಗ್ಯಾಲಕ್ಸಿ ಫೋನುಗಳಿದ್ದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಬಾಣದ ಗುರುತಿನಿಂದ ಇಷ್ಟು ಅಡಿ ಮುಂದೆ, ಇಷ್ಟು ಬಲಕ್ಕೆ ಎಂದು ದಾರಿ ತೋರಿಸುವ ಸೌಲಭ್ಯಕ್ಕೆ ಟ್ಯಾಗ್ ಮತ್ತು ಫೋನು ಎರಡರಲ್ಲೂ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಇರಬೇಕು. ಅಗ್ಗದ ಟ್ಯಾಗ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಸದ್ದು ಕೇಳಿ ಹುಡುಕಬೇಕು. ಮನೆಯೊಳಗೆ ಸೋಫಾದ ಸಂದಿಯಲ್ಲಿ ಸೇರಿಕೊಂಡ ಕೀಲಿಗೆ ಸದ್ದೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅಷ್ಟಕ್ಕೇ ಬೇಕಿದ್ದವರು ಜಾಲದ ಗೊಡವೆಗೂ ಹೋಗಬೇಕಿಲ್ಲ.

ಬೈಕಿನ ಸೀಟಿನ ಕೆಳಗೆ ಟ್ಯಾಗ್ ಅಡಗಿಸಿಟ್ಟರೆ ಕಳ್ಳನನ್ನು ಹಿಡಿಯಬಹುದು ಎಂಬ ಪ್ರಚಾರವನ್ನು ಮಾತ್ರ ನಂಬಲಾಗದು. ಮಹಿಳೆಯರನ್ನು ಗುಟ್ಟಾಗಿ ಹಿಂಬಾಲಿಸಲು ಟ್ಯಾಗ್‌ಗಳ ದುರ್ಬಳಕೆ ನಡೆದ ಮೇಲೆ ಆಪಲ್ ಮತ್ತು ಗೂಗಲ್ ಒಂದಾಗಿ ರೂಪಿಸಿದ ಎಚ್ಚರಿಕೆಯ ವ್ಯವಸ್ಥೆ 2024ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಬೇರೆಯವರ ಟ್ಯಾಗ್ ನಮ್ಮೊಂದಿಗೆ ಚಲಿಸುತ್ತಿದ್ದರೆ ನಮ್ಮ ಫೋನು, ಅದು ಐಫೋನಾಗಲಿ ಆಂಡ್ರಾಯ್ಡ್ ಆಗಲಿ, ನಮಗೆ ತಿಳಿಸುತ್ತದೆ. ಕುಮಟಾಕ್ಕೆ ಹೋದ ಹುಡುಗನ ಆಂಡ್ರಾಯ್ಡ್ ಫೋನಿನಲ್ಲಿಯೂ ಏರ್‌ಟ್ಯಾಗ್‌ನ ಬಗ್ಗೆ ಅಂಥ ಸೂಚನೆ ಬಂದಿತ್ತು. ಅದೇ ಸೂಚನೆ ಬೈಕು ಕದ್ದವನಿಗೂ ಹೋಗುತ್ತದೆ, ಅವನು ಟ್ಯಾಗನ್ನು ಕಿತ್ತು ಚರಂಡಿಗೆ ಎಸೆಯುತ್ತಾನೆ. ಈ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಹೆಣ್ಣುಮಕ್ಕಳ ಸುರಕ್ಷತೆಯನ್ನೇ ಆರಿಸಿದ್ದು ಸರಿ. ವಾಹನಕ್ಕೆ ಕಾವಲು ಬೇಕೆನ್ನುವವರು ಸಿಮ್ ಇರುವ ನಿಜವಾದ ಜಿಪಿಎಸ್ ಸಾಧನವನ್ನು ಹಾಕಿಸಿಕೊಂಡು ತಿಂಗಳ ಶುಲ್ಕ ಕಟ್ಟುವುದೇ ಲೇಸು.

ಇಷ್ಟಾದರೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಈ ಬ್ಲೂಟೂತ್ ಬಿಲ್ಲೆಗಳನ್ನು ‘ಜಿಪಿಎಸ್ ಟ್ರ್ಯಾಕರ್’ ಎಂದು ಹೆಸರಿಸಿ, ದನಕರುಗಳ ಕೊರಳಿಗೂ ಶಾಲೆಗೆ ಹೋಗುವ ಮಕ್ಕಳ ಚೀಲಕ್ಕೂ ಕಟ್ಟಿದ ಚಿತ್ರ ಹಾಕಿ ಮಾರುವವರಿದ್ದಾರೆ. ಸಂಜೆ ಕಾಡಿನಂಚಿನಲ್ಲಿ ತಪ್ಪಿಸಿಕೊಂಡ ಎಮ್ಮೆಯ ಪಕ್ಕದಲ್ಲಿ ಯಾರ ಫೋನೂ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಕ್ರಮ ಕೈಗೊಳ್ಳಲು ಅವಕಾಶವಿದೆ, ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ಕೊಡಬಹುದು. ಯಾವ ಫೋನಿನೊಂದಿಗೆ, ಯಾವ ಜಾಲದಲ್ಲಿ ಕೆಲಸ ಮಾಡುತ್ತದೆ, ಜಿಪಿಎಸ್ ಇದೆಯೇ ಇಲ್ಲವೇ ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಎದ್ದುಕಾಣುವಂತೆ ಅಚ್ಚುಹಾಕಿಸಲು ಸಂಬಂಧಪಟ್ಟ ಇಲಾಖೆ ಮುಂದಾಗಬೇಕು.

ಕೊನೆಗೆ ಬ್ಯಾಟರಿಯ ಕುರಿತು ಒಂದು ಮಾತು. ಇಂಥ ಅನೇಕ ಟ್ಯಾಗ್‌ಗಳಲ್ಲಿ ಇರುವುದು ಸಿಆರ್2032 ಎಂಬ ಬಟನ್ ಸೆಲ್. ಮಕ್ಕಳು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗಬಹುದು. ಮಕ್ಕಳು ಬಾಯಿಗೆ ಹಾಕದಿರಲೆಂದು ಕಹಿಲೇಪ ಕೊಟ್ಟ ಸೆಲ್‌ಗಳು ಮಾರುಕಟ್ಟೆಯಲ್ಲಿವೆಯಾದರೂ ಅವುಗಳಲ್ಲಿ ಕೆಲವು ಏರ್‌ಟ್ಯಾಗ್‌ನಲ್ಲಿ ಕೆಲಸ ಮಾಡದಿರಬಹುದು ಎಂದು ಆಪಲ್ ಕಂಪನಿಯೇ ಹೇಳಿದೆ. ಆದ್ದರಿಂದ ಪುಟ್ಟ ಮಕ್ಕಳಿರುವ ಮನೆಯವರು, ಮುಚ್ಚಳ ಸುಲಭವಾಗಿ ಬಿಚ್ಚಿಕೊಳ್ಳುವ ಅಗ್ಗದ ಟ್ಯಾಗ್‌ಗಳನ್ನು ಕೈಗೆ ಸಿಗುವ ಕೀಲಿಗೊಂಚಲಿಗೆ ಹಾಕಬಾರದು. ನಿಮ್ಮ ಪುರವಣಿಯ ಮುಂದಿನ ಕೋಷ್ಟಕದಲ್ಲಿ ಜಾಲಕ್ಕೊಂದು, ಮುಚ್ಚಳದ ಬಿಗಿತಕ್ಕೊಂದು ಅಂಕಣವನ್ನು ಸೇರಿಸಿ, ಪರೀಕ್ಷೆಯನ್ನು ಬೆಂಗಳೂರಿನ ಜೊತೆಗೆ ಸುಳ್ಯ, ಕುಷ್ಟಗಿಯಂಥ ಊರುಗಳಲ್ಲಿಯೂ ನಡೆಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ಶಿರಸಿ