ಬಿಪಿ, ಶುಗರ್ ಇರುವವರಿಗೆ ಮಳೆಗಾಲದ ಮಾತ್ರೆ ಒಟ್ಟಿಗೆ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನಲ್ಲಿ ಆಸ್ಪತ್ರೆಯ ವಿಷಯ ಬಂದಾಗಲೆಲ್ಲ ಮಾತು ದೊಡ್ಡ ಕಾಯಿಲೆಗಳ ಕಡೆಗೇ ಹೋಗುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು, ಹೃದಯದ ಡಾಕ್ಟ್ರು ಬೇಕು, ಮೈಸೂರಿಗೋ ಮಂಗಳೂರಿಗೋ ಆಂಬುಲೆನ್ಸಿನಲ್ಲಿ ಓಡುವುದು ತಪ್ಪಬೇಕು ಎನ್ನುತ್ತೇವೆ. ಬೇಕು, ಎರಡು ಮಾತಿಲ್ಲ. ಆದರೆ ಆ ಆಂಬುಲೆನ್ಸ್ ಹತ್ತುವ ಎಷ್ಟೋ ಜನ ಅದಕ್ಕೂ ವರ್ಷಗಳ ಮೊದಲಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತು ಎದ್ದವರು. ಬಿಪಿ, ಶುಗರ್ ಎಂದು ತಿಂಗಳಿಗೊಮ್ಮೆ ಚೀಟಿ ಹಿಡಿದು ನಿಲ್ಲುವವರು. ಜ್ವರವಿಲ್ಲ, ಗಾಯವಿಲ್ಲ, ಬರೀ ಚೆಕಪ್. ಹಾಗಾಗಿ ಅವರ ಕಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಅವರನ್ನು ಕರೆದುಕೊಂಡು ಹೋಗುವವಳು ನಾನೇ. ಈ ಮಾತ್ರೆಗಳನ್ನು ಒಂದು ದಿನವೂ ಬಿಡಬಾರದು ಎಂದು ಡಾಕ್ಟ್ರೇ ಹೇಳುತ್ತಾರೆ. ಆದರೆ ಔಷಧಿ ಕಿಟಕಿಯ ಹತ್ತಿರ ಹೋದರೆ ಹತ್ತು ದಿನದ್ದನ್ನು ಕತ್ತರಿಸಿ ಕೈಗಿಡುತ್ತಾರೆ. "ಸ್ಟಾಕ್ ಕಡಿಮೆ ಉಂಟು ಅಮ್ಮಾ, ಮುಗಿದ ಮೇಲೆ ಬನ್ನಿ." ಬರುವುದು ಅಷ್ಟು ಸುಲಭವಾ? ನಮ್ಮ ಊರಿಗೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನದ ಮೇಲೆ ಒಂದು. ತಪ್ಪಿದರೆ ಆಟೋ, ಇಲ್ಲವೇ ಬಾಡಿಗೆ ಜೀಪು. ಪುಕ್ಕಟೆ ಸಿಗುವ ಮಾತ್ರೆಗಿಂತ ದಾರಿಖರ್ಚೇ ಜಾಸ್ತಿ. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಅಂದಿನ ಕೂಲಿಯೂ ಹೋಯಿತು. ಕಾಫಿ ಕೊಯ್ಲಿನ ಸಮಯದಲ್ಲಿ ರಜೆ ಕೇಳುವುದೂ ಕಷ್ಟ, ಕೊಡುವುದೂ ಕಷ್ಟ.

ಆಗ ಜನ ಮಾತ್ರೆಯನ್ನೇ ಬಿಡುತ್ತಾರೆ. ಬಿಪಿ ಏರಿದರೆ ಹೆಚ್ಚಿನವರಿಗೆ ನೋವಿಲ್ಲ, ಗೊತ್ತೇ ಆಗುವುದಿಲ್ಲ. "ಎಂತದೂ ಆಗ್ತಿಲ್ಲ, ಹಾಗೆ ಬಿಟ್ಟೆ" ಎನ್ನುವವರು ನಮ್ಮ ಓಣಿಯಲ್ಲೇ ಇದ್ದಾರೆ. ಮುಂದೆ ಒಂದು ದಿನ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದಾಗ ಎಲ್ಲರೂ ಓಡುತ್ತೇವೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ದೂರ. ಒಳಗಿನ ಊರುಗಳಿಂದ ಮಡಿಕೇರಿಗೆ ಬರುವುದೇ ಒಂದು ಪ್ರಯಾಣ.

ಇನ್ನು ಪರೀಕ್ಷೆ ನಡೆಯುವ ರೀತಿ. ನಮ್ಮ ಚಳಿಗೆ ವಯಸ್ಸಾದವರು ರವಿಕೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹಾಕಿರುತ್ತಾರೆ. ರಸ್ತೆಯಿಂದ ಏರು ಹತ್ತಿ ಏದುಸಿರು ಬಿಡುತ್ತಾ ಬಂದಿರುತ್ತಾರೆ. ಕುರ್ಚಿಯಲ್ಲಿ ಕೂತ ಕೂಡಲೇ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಕೈ ಗಾಳಿಯಲ್ಲಿ ತೂಗುತ್ತಿರುತ್ತದೆ, ಪಕ್ಕದವರು ಏನೋ ಕೇಳುತ್ತಿರುತ್ತಾರೆ, ಇವರು ಉತ್ತರ ಹೇಳುತ್ತಿರುತ್ತಾರೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲದ ಮೇಲಿರಬೇಕು, ಬರಿ ತೋಳಿಗೆ ಪಟ್ಟಿ ಕಟ್ಟಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ನಮ್ಮವರೋ ಬಸ್ಸಿಳಿದ ಕೂಡಲೇ ಕಾಫಿ ಕುಡಿದೇ ಬರುವುದು. ಎರಡು ಸಲ ನೋಡಿ ಬರೆದುಕೊಳ್ಳಬೇಕು. ಇದಕ್ಕೆ ಹೊಸ ಯಂತ್ರ ಬೇಡ, ದುಡ್ಡೂ ಬೇಡ. 140/90 ದಾಟಿತೋ ಇಲ್ಲವೋ ಎನ್ನುವುದರ ಮೇಲೆ ಮಾತ್ರೆ ಕೂಡುತ್ತದೆ, ಕಳೆಯುತ್ತದೆ. ಆ ಅಂಕಿಯೇ ಸರಿಯಿಲ್ಲದಿದ್ದರೆ ಚಿಕಿತ್ಸೆ ಹೇಗೆ ಸರಿಯಾದೀತು?

ಶುಗರ್‌ನದ್ದು ಇನ್ನೊಂದು ಪಾಡು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುತ್ತಾರೆ. ನಸುಕಿಗೆ ಎದ್ದು, ಏನೂ ತಿನ್ನದೆ ಬಸ್ಸು ಹಿಡಿದು ಬಂದರೆ ಲ್ಯಾಬ್‌ನವರು ಬರುವುದು ಹತ್ತು ಗಂಟೆಯ ಮೇಲೆ. ರಕ್ತ ಕೊಡುವಷ್ಟರಲ್ಲಿ ಅತ್ತೆಗೆ ತಲೆ ತಿರುಗಿರುತ್ತದೆ. ಪರೀಕ್ಷೆ ಮುಗಿದು ಊಟ ಮಾಡುವವರೆಗೆ ಶುಗರ್ ಮಾತ್ರೆ ನುಂಗಬೇಡಿ ಎಂದು ಹಿಂದಿನ ದಿನ ಹೇಳುವವರೂ ಇಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ. ಅದನ್ನು ಹೊರಗೆ ಮಾಡಿಸಿ ಎಂದು ಚೀಟಿ ಬರೆಯುತ್ತಾರೆ.

ಕೇಂದ್ರದಲ್ಲಿ ಯಾರಾದರೂ ರೋಗಿಯ ಕಾಲು ನೋಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಶುಗರ್ ಹಳೆಯದಾದರೆ ಪಾದದ ಸ್ಪರ್ಶ ಹೋಗುತ್ತದೆ, ವರ್ಷಕ್ಕೊಮ್ಮೆಯಾದರೂ ಪಾದ, ಕಣ್ಣು ಎರಡನ್ನೂ ಪರೀಕ್ಷಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗಂಬೂಟಿನೊಳಗೇ ಕಾಲಿಟ್ಟುಕೊಂಡು, ಜಿಗಣೆ ಕಚ್ಚಿಸಿಕೊಂಡು ತೋಟದಲ್ಲಿ ದುಡಿಯುವವರ ಜಿಲ್ಲೆ ಇದು. ಇಲ್ಲಿ ಗಾಯ ಆದದ್ದೇ ಗೊತ್ತಾಗದ ಕಾಲು ಎಂದರೆ ಎಷ್ಟು ಅಪಾಯ ಎಂದು ಹೇಳಬೇಕಾ?

ಊಟದ ಸಲಹೆಯೂ ಹಾಗೇ. "ಅನ್ನ ಕಡಿಮೆ ಮಾಡಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅತ್ತೆ ಅನ್ನ ಬಿಟ್ಟು ಎರಡು ಅಕ್ಕಿ ರೊಟ್ಟಿ ಜಾಸ್ತಿ ತಿಂದರು. ಕಡಂಬಿಟ್ಟು, ನೂಪುಟ್ಟು ಎಲ್ಲವೂ ಅಕ್ಕಿಯದ್ದೇ ಅಲ್ವಾ? ಉಪ್ಪಿನಲ್ಲಿಟ್ಟ ಕಣಿಲೆ (ಎಳೆ ಬಿದಿರು), ಒಣ ಮೀನು, ಉಪ್ಪಿನಕಾಯಿ ಇಲ್ಲದೆ ನಮ್ಮ ಮಳೆಗಾಲ ಕಳೆಯುವುದಿಲ್ಲ. ಬಿಪಿ ಇರುವವರ ಹತ್ತಿರ ಮೊದಲು ಮಾತಾಡಬೇಕಾದ್ದು ಅದನ್ನೇ. ಯರವ, ಜೇನುಕುರುಬ ಬುಡಕಟ್ಟಿನ ಹಿರಿಯರಿಗೆ, ಅಸ್ಸಾಂನಿಂದ ತೋಟಕ್ಕೆ ಬಂದವರಿಗೆ ಕನ್ನಡದ ಈ ಒಂದು ಮಾತೂ ಸರಿಯಾಗಿ ತಲುಪುವುದಿಲ್ಲ.

ಇದರಲ್ಲಿ ಡಾಕ್ಟರ್, ಸಿಸ್ಟರ್‌ಗಳನ್ನು ಬೈಯುವ ಮನಸ್ಸು ನನಗಿಲ್ಲ. ಒಬ್ಬರೇ ಡಾಕ್ಟ್ರಿಗೆ ಎರಡು ಕೇಂದ್ರ ಒಪ್ಪಿಸಿದರೆ ಅವರಾದರೂ ಏನು ಮಾಡಿಯಾರು? ವಾರದಲ್ಲಿ ಮೀಟಿಂಗ್, ರಿಪೋರ್ಟ್, ನಿಯೋಜನೆ ಬೇರೆ. ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ, 3,000 ಜನಕ್ಕೆ ಒಂದು ಉಪಕೇಂದ್ರ ಇರಬೇಕೆಂಬುದು ಸರ್ಕಾರದ್ದೇ ಮಾನದಂಡ. ಆದರೆ ಕಟ್ಟಡ ಇದ್ದರೆ ಸಾಲದು, ಒಳಗೆ ಜನ ಬೇಕು. 2018ರಲ್ಲಿ ಶುರುವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಿಗೆ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾಯಿತು. 30 ದಾಟಿದ ಎಲ್ಲರ ಬಿಪಿ, ಶುಗರ್ ನೋಡುವುದು ಅವುಗಳ ಕೆಲಸ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೆಸರು ಬರೆದುಕೊಂಡು ಹೋಗುತ್ತಾರೆ. ಕಾಯಿಲೆ ಪತ್ತೆ ಮಾಡಿದ ಮೇಲೆ ಮಾತ್ರೆ ಸರಿಯಾಗಿ ಕೊಡದಿದ್ದರೆ ಆ ಹುಡುಕಾಟ ಯಾತಕ್ಕೆ?

2020ರ ಲಾಕ್‌ಡೌನ್ ಸಮಯದಲ್ಲಿ ಇಂಥ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಔಷಧಿ ಒಟ್ಟಿಗೆ ಕೊಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತ್ತು. ಕೊಡಗಿಗೆ ಪ್ರತಿ ವರ್ಷ ಮಳೆಗಾಲವೇ ಒಂದು ಲಾಕ್‌ಡೌನ್. ಮರ ಬೀಳುತ್ತದೆ, ಗುಡ್ಡದ ಬರೆ ಜರಿಯುತ್ತದೆ, ಹೊಳೆ ಉಕ್ಕಿ ರಸ್ತೆ ಮುಚ್ಚುತ್ತದೆ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಯಾರಿಗೂ ಮರೆತಿಲ್ಲ. ಆನೆ ಓಡಾಡುವ ಕಡೆಗಳಲ್ಲಿ ಬೆಳಗಿನ ಬಸ್ಸಿಗೆ ನಡೆದು ಬರುವುದಕ್ಕೂ ಹೆದರಿಕೆ.

ಹಾಗಾಗಿ ಜಿಲ್ಲಾ ಆರೋಗ್ಯ ಇಲಾಖೆಯವರಲ್ಲಿ ಕೇಳುವುದು ಇಷ್ಟು. ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ಪೂರ್ತಿ ಒಂದು ತಿಂಗಳ ಮಾತ್ರೆ ಕೊಡಿ. ಮೇ ತಿಂಗಳಲ್ಲೇ ದಾಸ್ತಾನು ತರಿಸಿ ಮಳೆಗಾಲದ್ದನ್ನು ಒಟ್ಟಿಗೆ ಕೊಡಿ, ನಡುವೆ ಬಿಪಿ, ಶುಗರ್ ನೋಡುವುದನ್ನು ಹತ್ತಿರದ ಉಪಕೇಂದ್ರದಲ್ಲೇ ಮಾಡಿ. ಪ್ರತಿ ರೋಗಿಗೂ ಒಂದು ಪುಸ್ತಕ ಕೊಟ್ಟು ಅಂಕಿ, ಮಾತ್ರೆ, ಪಾದ, ಕಣ್ಣು ಎಲ್ಲವನ್ನೂ ಅದರಲ್ಲಿ ಬರೆಯಿರಿ. ಡಾಕ್ಟ್ರು ಬದಲಾದಾಗ ಮೊದಲಿನಿಂದ ಕಥೆ ಹೇಳುವುದು ತಪ್ಪುತ್ತದೆ. ವಾರದಲ್ಲಿ ಒಂದು ದಿನ, ತೋಟಕ್ಕೆ ರಜೆ ಇರುವ ಸಂತೆಯ ದಿನವಾದರೆ ಒಳ್ಳೆಯದು, ಈ ರೋಗಿಗಳಿಗೇ ಮೀಸಲಿಡಿ. ಡಾಕ್ಟ್ರು ರಜೆ ಅಥವಾ ಮೀಟಿಂಗ್‌ನಲ್ಲಿದ್ದರೆ ಹಿಂದಿನ ದಿನವೇ ಆಶಾ ಕಾರ್ಯಕರ್ತೆಯರ ಮೂಲಕ ಊರಿಗೆ ತಿಳಿಸಿ. ನಮ್ಮ ಶಾಸಕರು, ಗ್ರಾಮ ಪಂಚಾಯಿತಿ ಸದಸ್ಯರು ಮುಂದಿನ ಸಭೆಯಲ್ಲಿ ಔಷಧಿ ದಾಸ್ತಾನಿನ ಲೆಕ್ಕವನ್ನು ಮೊದಲು ಕೇಳಲಿ.

ಇತಿ,
ಓದುಗರೊಬ್ಬರು,
ಮಡಿಕೇರಿ ತಾಲ್ಲೂಕು