ಮಲ್ಲಿಗೆ ಅಂದ್ರೆ ಇಡ್ಲಿ ಅಲ್ವಾ?

ಕಳೆದ ಭಾನುವಾರ ಕನ್ನಡ ತರಗತಿಯಲ್ಲಿ ಯುಗಾದಿ ಕಾರ್ಯಕ್ರಮಕ್ಕೆಂದು ಮಕ್ಕಳ ಕೈಲಿ ಚೀಟಿ ಬರೆಸುತ್ತಿದ್ದೆವು. ಈ ಸಲ ಹೂವಿನ ಹೆಸರಿನ ಸಿನೆಮಾಗಳು. ‘ಮೈಸೂರು ಮಲ್ಲಿಗೆ’, ‘ಜಾಜಿ ಮಲ್ಲಿಗೆ’, ‘ಕೆಂಡಸಂಪಿಗೆ’, ‘ಸೇವಂತಿ ಸೇವಂತಿ’, ‘ಸೂರ್ಯಕಾಂತಿ’, ‘ಪಾರಿಜಾತ’. ಎಂಟು ವರ್ಷದ ಹುಡುಗಿಯೊಬ್ಬಳು ಎರಡನೇ ಸಲ ಮಲ್ಲಿಗೆ ಎಂದು ಬರೆಯುವಾಗ ಪೆನ್ಸಿಲ್ ಎತ್ತಿ ಕೇಳಿದಳು: “ಆಂಟಿ, ಮಲ್ಲಿಗೆ ಅಂದ್ರೆ ಇಡ್ಲಿ ಅಲ್ವಾ? ಎರಡು ಸಿನೆಮಾಗೆ ಯಾಕೆ ಇಡ್ಲಿ ಹೆಸರು?”

ಅವಳದೇನೂ ತಪ್ಪಿಲ್ಲ. ಅವಳ ಮನೆಯಲ್ಲಿ ಮಲ್ಲಿಗೆ ಇಡ್ಲಿ ಮಾಡುತ್ತಾರೆ, ಮಲ್ಲಿಗೆ ಬೆಳೆಯುವುದಿಲ್ಲ. ಆದರೂ ಆ ಮಾತು ನನ್ನನ್ನು ವಾರವಿಡೀ ಬಿಟ್ಟಿಲ್ಲ. ಇಡ್ಲಿಗೆ ಆ ಹೆಸರು ಬಂದದ್ದು ಹೂವಿನಿಂದ ಎಂದು ಹೇಳಿದೆ, ಫೋನಿನಲ್ಲಿ ಫೋಟೋ ತೋರಿಸಿದೆ. ಫೋಟೋ ನೋಡಿ “ಓ, ವೈಟ್ ಫ್ಲವರ್” ಎಂದಳು. ಅಷ್ಟೇ. ಹೆಸರು ಕೇಳಿದರೆ ಸಾಕು, ನಮಗೆ ಮೊದಲು ಮೂಗಿಗೆ ಬರುತ್ತದೆ, ಆಮೇಲೆ ಕಣ್ಣಿಗೆ. ಅದನ್ನು ಫೋನಿನಲ್ಲಿ ಹೇಗೆ ತೋರಿಸುವುದು?

ನಾನು ‘ಮೈಸೂರು ಮಲ್ಲಿಗೆ’ ನೋಡಿದ್ದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ. 1992ರ ಸಿನೆಮಾ ಅದು. ಬೆಂಗಳೂರು, ಮೈಸೂರಲ್ಲೆಲ್ಲ ಓಡಿ ಮುಗಿದ ಮೇಲೆ ಪ್ರಿಂಟು ನಮ್ಮ ಕಡೆ ಬರುತ್ತಿದ್ದ ಕಾಲ. ಅದು ಬಂದಾಗ ನಮ್ಮಲ್ಲಿ ಸುರಗಿ ಹೂವಿನ ಕಾಲ. ಕರಾವಳಿಯವರಿಗೆ ಸುರಗಿ ಗೊತ್ತು. ಬೇರೆಯವರಿಗೆ ಹೇಳುತ್ತೇನೆ: ದೊಡ್ಡ ಮರ, ಹೂವಿನ ಬಣ್ಣ ಬಿಳಿ, ನಡುವೆ ಅರಿಶಿನದ ಕುಚ್ಚು, ಹೂವು ಟೊಂಗೆಗೇ ಅಂಟಿಕೊಂಡು ಬಿಡುತ್ತದೆ. ಬಿಸಿಲು ಬರುವ ಮೊದಲೇ ಮೊಗ್ಗು ಕೊಯ್ಯಬೇಕು. ಆ ದಿನ ಆಯಿ, ಅಂದರೆ ಅಮ್ಮ, ಕತ್ತಲಲ್ಲೇ ನನ್ನನ್ನು ಎಬ್ಬಿಸಿದಳು. “ಕೂಸೇ, ಏಳು. ಬಿಸ್ಲು ಬಂದ್ರೆ ಮೊಗ್ಗು ಒಡ್ದು ಹೋಗ್ತು.” ಪಕ್ಕದ ಮನೆ ಅಣ್ಣ ಮರ ಹತ್ತಿ ಕೊಂಬೆ ಅಲುಗಿಸಿದ. ಕೆಳಗೆ ಆಯಿಯ ಹಳೇ ಸೀರೆ ಹಾಸಿತ್ತು. ಲಾಟೀನಿನ ಬೆಳಕಲ್ಲಿ ಮೊಗ್ಗುಗಳು ಟಪ ಟಪ ಬೀಳುತ್ತಿದ್ದವು, ಸಣ್ಣ ಬಟಾಣಿಯ ಹಾಗೆ. ಆಮೇಲೆ ಜಗಲಿಯ ಮೇಲೆ ಕೂತು ಸೂಜಿ ದಾರದಲ್ಲಿ ಪೋಣಿಸಿದೆವು. ನಾನು ಪೋಣಿಸಿದ್ದು ವಾರೆಯಾಗಿತ್ತು, ಆಯಿ ಅದನ್ನೇ ಮುಡಿದಳು.

ಮಧ್ಯಾಹ್ನದ ಬಸ್ಸಲ್ಲಿ ಕುಮಟಾಕ್ಕೆ ಹೋದೆವು. ಟಾಕೀಸಿನಲ್ಲಿ ಹೆಂಗಸರ ತಲೆಯಲ್ಲೆಲ್ಲ ಸುರಗಿಯೇ. ಪರದೆಯ ಮೇಲೆ ಕೆ.ಎಸ್. ನರಸಿಂಹಸ್ವಾಮಿಯವರ ಮಲ್ಲಿಗೆ, ನಾವು ಕೂತ ಕತ್ತಲಲ್ಲಿ ಸುರಗಿ. ಗಿರೀಶ ಕಾರ್ನಾಡರು ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ “ನಮ್ಮ ಶಿರಸಿಯಲ್ಲಿ ಬೆಳೆದವ್ರು” ಎಂದರು, ಸ್ವಂತ ಮಾವನನ್ನು ಕಂಡ ಹಾಗೆ. ಸಿ. ಅಶ್ವತ್ಥ್ ಅವರ ಸಂಗೀತಕ್ಕೆ ಆಯಿ ಸಣ್ಣಗೆ ತಲೆದೂಗುತ್ತಿದ್ದಳು. ಆ ಕವನಗಳು ಅವಳಿಗೆ ಮೊದಲೇ ಗೊತ್ತಿದ್ದವು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಎಂಬ ಹೆಸರಲ್ಲೇ ಬಂದ ಪುಸ್ತಕ. ಅವಳ ಮದುವೆಗೆ ಯಾರೋ ಕೊಟ್ಟಿದ್ದ ಪ್ರತಿ ಟ್ರಂಕಿನಲ್ಲಿತ್ತು. ನಾಗಾಭರಣರ ಆ ಚಿತ್ರಕ್ಕೆ ಹಾಡು ಬರೆದದ್ದಕ್ಕೆ ಕವಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ನನಗೆ ತಿಳಿದದ್ದು ತುಂಬಾ ಆಮೇಲೆ. ಇವತ್ತಿಗೂ ಆ ಸಿನೆಮಾದ ಹೆಸರು ಯಾರಾದರೂ ಎತ್ತಿದರೆ ನನ್ನ ಮೂಗಿಗೆ ಬರುವುದು ಮಲ್ಲಿಗೆಯಲ್ಲ, ಸುರಗಿ.

ಸುರಗಿಯ ಗುಣ ಇನ್ನೊಂದಿದೆ. ಒಣಗಿದ ಮೇಲೂ ಘಮ ಬಿಡುವುದಿಲ್ಲ. ನಾನು ಊರು ಬಿಟ್ಟು ಇಲ್ಲಿಗೆ ಹೊರಟಾಗ ಆಯಿ ಹಸಿರು ಸೀರೆಯ ಮಡಿಕೆಯೊಳಗೆ ಒಣಗಿದ ಸುರಗಿ ಹೂವಿನ ದಂಡೆಯೊಂದನ್ನು ಇಟ್ಟಿದ್ದಳು, ಹೇಳಲೂ ಇಲ್ಲ. ಸೂಟ್‌ಕೇಸ್ ಬಿಚ್ಚಿದಾಗಲೇ ಗೊತ್ತಾದದ್ದು. ಅನಂತ ನಾಗ್ ಅವರ ‘ಬಾಡದ ಹೂ’ ಅಂತ ಒಂದು ಚಿತ್ರವಿದೆ, 1982ರದು. ಅವರೂ ಚಿಕ್ಕಂದಿನಲ್ಲಿ ನಮ್ಮ ಜಿಲ್ಲೆಯ ಶಿರಾಲಿಯ ಚಿತ್ರಾಪುರ ಮಠದಲ್ಲಿದ್ದವರು. ಆ ಹೆಸರು ಓದಿದಾಗಲೆಲ್ಲ ನನಗೆ ಈ ದಂಡೆಯೇ ನೆನಪಾಗುತ್ತದೆ. ‘ಕೆಂಡಸಂಪಿಗೆ’ 2015ರದು, ಸೂರಿಯವರದು. ಓಡಿಹೋಗುವ ಹುಡುಗ ಹುಡುಗಿ, ಹಿಂದೆ ಪೊಲೀಸರು. ಅದರಲ್ಲಿ ನೆನಪನ್ನೇ ನಿತ್ಯ ಮಲ್ಲಿಗೆ ಎಂದು ಕರೆದ ಹಾಡು ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ. ನಮ್ಮ ಜಿಲ್ಲೆಯವರಿಗೆ ಹೂವಿನ ಸಿನೆಮಾಗಳಲ್ಲಿ ಸಾಕಷ್ಟು ಪಾಲಿದೆ, ನನಗೆ ಅದು ಹೆಮ್ಮೆ.

ಇನ್ನು ಸೂಚನೆಗಳು. ರಾತ್ರಿ ಹನ್ನೊಂದೂವರೆ, ಬೆಳಿಗ್ಗೆ ಇದು ಮುದ್ರಣಕ್ಕೆ ಹೋಗಬೇಕು, ಬೇಗ ಹೇಳಿಬಿಡುತ್ತೇನೆ. ಯುಗಾದಿ ಮುಗಿದ ಮೊದಲ ಶನಿವಾರ ಸಂಜೆ 4ಕ್ಕೆ ‘ಮೈಸೂರು ಮಲ್ಲಿಗೆ’ ಪ್ರದರ್ಶನ, ಬೇವು ಬೆಲ್ಲ ಬಾಗಿಲಲ್ಲೇ ಸಿಗುತ್ತದೆ. ಹೋಳಿಗೆ ಬೇಕಾದವರು ಬುಧವಾರದೊಳಗೆ ಲೆಕ್ಕ ಕೊಡಿ. ಕನ್ನಡ ತರಗತಿ ಮುಂದಿನ ತಿಂಗಳಿಂದ 10 ಗಂಟೆಗೆ. ಗ್ರಂಥಾಲಯದ ಪುಸ್ತಕ ಮನೆಯಲ್ಲಿಟ್ಟುಕೊಂಡವರು ದಯವಿಟ್ಟು ಆ ದಿನ ತನ್ನಿ. ಸದಸ್ಯತ್ವದ ಹಣವೂ ಬಾಕಿ ಇದೆ, ಜಾಸ್ತಿ ಏನಿಲ್ಲ, ನೆನಪಿರಲಿ.

ಒಂದು ಬೇಡಿಕೆ. ಇಷ್ಟು ವರ್ಷ ಈ ಪತ್ರಿಕೆಯ ಪುಟ ಜೋಡಿಸಿದ ಗೆಳತಿ ಕಳೆದ ತಿಂಗಳು ಹುಬ್ಬಳ್ಳಿಗೆ ವಾಪಸಾದಳು. ಅವಳಿಲ್ಲದೆ ಇದು ಮೊದಲ ಸಂಚಿಕೆ. ಟೈಪಿಂಗ್, ತಿದ್ದುವುದು, ಅಂಚೆ, ಎಲ್ಲ ನನ್ನೊಬ್ಬಳಿಂದ ಆಗುತ್ತಿಲ್ಲ. ವಾರಕ್ಕೆ ಎರಡು ಗಂಟೆ ಕೊಡುವವರು ಇಬ್ಬರು ಸಿಕ್ಕರೂ ಸಾಕು. ಪತ್ರಿಕೆ ನಿಲ್ಲುವುದು ನನಗೆ ಬೇಡ.

ಮತ್ತೆ, ನಿಮ್ಮ ಯಾರ ಸೀರೆ ಮಡಿಕೆಯಲ್ಲಾದರೂ ಒಣ ಸುರಗಿಯಿದ್ದರೆ ಆ ಶನಿವಾರ ತನ್ನಿ. ಆ ಹುಡುಗಿ ಮೊದಲ ಸಾಲಿನಲ್ಲೇ ಕೂರುತ್ತಾಳಂತೆ. ನನ್ನ ದಂಡೆಯಲ್ಲಿ ಉಳಿದಿರುವುದು ಹದಿನಾಲ್ಕು ಹೂವು. ದೀಪ ಆರಿಸುವ ಮೊದಲು ಅದನ್ನು ಅವಳ ಅಂಗೈಯಲ್ಲಿ ಇಡುತ್ತೇನೆ.