ವಾಂತಿ ಭೇದಿ ನಿಂತ ಮೇಲೂ ಉಳಿಯೋ ಹೊಟ್ಟೆನೋವು

ಸಂಪಾದಕರೇ, ನಮಸ್ಕಾರ.

ಕಲುಷಿತ ನೀರು ಕುಡಿದು ಜನ ಆಸ್ಪತ್ರೆಗೆ ಸೇರಿದ್ರು ಅನ್ನೋ ಸುದ್ದಿ ವರ್ಷಾ ವರ್ಷ ನಿಮ್ಮ ಪೇಪರಲ್ಲಿ ಓದ್ತಾನೇ ಇದ್ದೀವಿ. 2022ರಲ್ಲಿ ರಾಯಚೂರು, 2023ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಕವಾಡಿಗರಹಟ್ಟಿ, ಎರಡೂ ಕಡೆ ಜೀವ ಹೋಯ್ತು. ನಾಲ್ಕು ದಿನ ಅಧಿಕಾರಿಗಳು ಓಡಾಡ್ತಾರೆ, ಪರಿಹಾರ ಘೋಷಣೆ ಆಗುತ್ತೆ, ಉಳಿದೋರು ಡಿಸ್ಚಾರ್ಜ್ ಆಗಿ ಮನೆಗೆ ಹೋಗ್ತಾರೆ, ಅಲ್ಲಿಗೆ ಸುದ್ದಿ ಮುಗೀತು. ಆದ್ರೆ ಹಂಗೆ ಮನೆಗೆ ಹೋದೋರ ಹೊಟ್ಟೆ ಒಂದು ವರ್ಷ ಆದ್ಮೇಲೆ ಹೆಂಗಿದೆ ಅಂತ ವಿಚಾರಿಸಿದ ಒಂದು ವರದೀನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದನ್ನ ಕೆನಡಾದಲ್ಲಿ ವಿಚಾರಿಸಿದಾರೆ. ಒಂಟಾರಿಯೋದ ವಾಕರ್ಟನ್ ಅಂತ ಸುಮಾರು ಐದು ಸಾವಿರ ಜನರ ಊರು, 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ದನದ ಗೊಬ್ಬರದ ನೀರು ಕುಡಿಯೋ ನೀರಿನ ಬಾವಿಗೆ ಸೇರ್ಕೊಳ್ತು, ಕ್ಲೋರಿನ್ ಕೂಡ ಸರಿಯಾಗಿ ಹಾಕ್ತಿರಲಿಲ್ಲ, ಇ. ಕೋಲಿ ಮತ್ತೆ ಕ್ಯಾಂಪೈಲೋಬ್ಯಾಕ್ಟರ್ ಅನ್ನೋ ಎರಡು ಬ್ಯಾಕ್ಟೀರಿಯಾನೂ ನಲ್ಲೀಲಿ ಬಂದ್ವು. 7 ಜನ ಸತ್ರು, ಸುಮಾರು 2,300 ಜನ ಮಲಗಿದ್ರು. ಅಲ್ಲಿನವರು ಇದನ್ನ ಅಲ್ಲಿಗೇ ಬಿಡಲಿಲ್ಲ, ವರ್ಷಗಟ್ಟಲೆ ಊರಿನ ಜನರನ್ನ ಫಾಲೋ ಮಾಡಿದ್ರು. ಎರಡು ಮೂರು ವರ್ಷದ ಮೇಲೆ ನೋಡಿದ್ರೆ, ಆವಾಗ ಜೋರಾಗಿ ಹುಷಾರು ತಪ್ಪಿದ್ದವರಲ್ಲಿ ಶೇ 36ರಷ್ಟು ಜನಕ್ಕೆ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅನ್ನೋ ಕರುಳಿನ ಕಾಯಿಲೆ, ಏನೂ ಆಗದೇ ಇದ್ದೋರಲ್ಲಿ ಬರೀ ಶೇ 10. ಎಂಟು ವರ್ಷ ಆದ್ಮೇಲೆ ಇದು ಕಮ್ಮಿ ಆಯ್ತು, ಆದ್ರೆ ಪೂರ್ತಿ ಹೋಗಲಿಲ್ಲ.

ಐಬಿಎಸ್ ಅಂದ್ರೆ ನಮ್ಮಲ್ಲಿ ಗ್ಯಾಸ್ ಟ್ರಬಲ್ ಅಂತ ಹೇಳಿ ಸುಮ್ಮನಾಗೋ ಕಾಯಿಲೆ. ಪದೇ ಪದೇ ಹೊಟ್ಟೆ ನುಲಿಯೋದು, ಒಂದಿನ ಲೂಸ್ ಮೋಷನ್ ಇನ್ನೊಂದಿನ ಮಲಬದ್ಧತೆ, ಬಸ್ ಹತ್ತೋಕೂ ಭಯ. ಸ್ಕ್ಯಾನಿಂಗ್ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. ನಮ್ಮ ಚಿಕ್ಕಮ್ಮನಿಗೆ ಒಂದು ಮದುವೆ ಊಟದ ಮೇಲೆ ವಾಂತಿ ಭೇದಿ ಆಗಿ ಶುರುವಾಗಿದ್ದು, ತೋರಿಸಿದ ಕಡೆಯೆಲ್ಲ ಟೆನ್ಷನ್ ಮಾಡ್ಕೋಬೇಡಿ ಅಂತಲೇ ಹೇಳಿ ಕಳಿಸಿದ್ರು. ಮನೆಯವರೂ ನಂಬಲ್ಲ, ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಅಂತಾರೆ, ಅದು ನೋವಿಗಿಂತ ದೊಡ್ಡ ನೋವು.

ಇದು ನಾಟಕ ಅಲ್ಲ ಅಂತ ತೋರಿಸೋಕೆ ಈಗ ಸಾಕಷ್ಟು ಸಂಶೋಧನೆ ಇದೆ. 2017ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯವರು ಐಬಿಎಸ್ ಇರೋರ ಮಲದಲ್ಲಿನ ಬ್ಯಾಕ್ಟೀರಿಯಾನ, ಹುಟ್ಟಿದಾಗಿಂದ ಒಂದೂ ಸೂಕ್ಷ್ಮಾಣು ಇಲ್ದಂಗೆ ಬೆಳೆಸಿದ ಇಲಿಗಳಿಗೆ ಕೊಟ್ರು. ಆ ಇಲಿಗಳ ಕರುಳೂ ಜೋರಾಗಿ ಓಡೋಕೆ ಶುರುವಾಯ್ತು, ಅಷ್ಟೇ ಅಲ್ಲ, ಆತಂಕ ಇದ್ದ ರೋಗಿಗಳ ಬ್ಯಾಕ್ಟೀರಿಯಾ ಹೋದ ಇಲಿಗಳು ಹೆದರಿದಂಗೆ ಆಡಿದ್ವು. ಅಂದ್ರೆ ಟೆನ್ಷನ್ನಿಂದ ಹೊಟ್ಟೆ ಕೆಡೋದು ಒಂದೇ ಅಲ್ಲ, ಹೊಟ್ಟೆ ಕಡೆಯಿಂದಲೂ ಟೆನ್ಷನ್ ಬರಬಹುದು. ಬೆಲ್ಜಿಯಂನ ಲೂವೆನ್‌ನಲ್ಲಿ 2021ರಲ್ಲಿ ಇನ್ನೊಂದು ಸಿಕ್ತು, ಕರುಳಿಗೆ ಸೋಂಕು ಆದಾಗ ಇಲಿಗೆ ಏನು ತಿನ್ನಿಸಿದ್ರೋ, ಸೋಂಕು ಹೋದ ಮೇಲೂ ಆ ಆಹಾರಕ್ಕೆ ಕರುಳು ಸಿಡುಕ್ತಿತ್ತು.

ಹಂಗಂತ ಇದನ್ನ ಓದಿ ಯಾರೂ ಮೆಡಿಕಲ್ ಶಾಪಿಗೆ ಹೋಗಿ ಪ್ರೋಬಯಾಟಿಕ್ (ಒಳ್ಳೆ ಬ್ಯಾಕ್ಟೀರಿಯಾ ಅಂತ ಮಾರೋದು) ಡಬ್ಬಿ ತಗೋಬೇಡಿ. ಅಮೆರಿಕದ ಜೀರ್ಣಾಂಗ ತಜ್ಞರ ಸಂಘವೇ 2020ರಲ್ಲಿ ಐಬಿಎಸ್‌ಗೆ ಅದನ್ನ ಪ್ರಯೋಗದ ಭಾಗವಾಗಿ ಮಾತ್ರ ಕೊಡಿ ಅಂದಿದೆ. ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾ ಕೊಡೋ ಚಿಕಿತ್ಸೇನೂ ಅಷ್ಟೇ, ನಾರ್ವೇಲಿ ಒಳ್ಳೆ ಫಲ ಸಿಕ್ತು, ಡೆನ್ಮಾರ್ಕಲ್ಲಿ ಹೋಲಿಕೆಗೆ ಅಂತ ಕೊಟ್ಟ ಸುಳ್ಳು ಕ್ಯಾಪ್ಸೂಲ್ ತಗೊಂಡೋರೇ ಚೆನ್ನಾಗಿದ್ರು. ಮಲದಲ್ಲಿ ರಕ್ತ, ತೂಕ ಇಳಿಯೋದು, ರಕ್ತಹೀನತೆ ಇದ್ರೆ ಇದು ಐಬಿಎಸ್ಸೇ ಅಂತ ಕೂರದೆ ಬೇಗ ಡಾಕ್ಟರಿಗೆ ತೋರಿಸಿ.

ನಾನು ಆರೋಗ್ಯ ಇಲಾಖೆನ ಕೇಳೋದು ಒಂದೇ. ನೀರಿಂದ ವಾಂತಿ ಭೇದಿ ಆದ ಊರಲ್ಲಿ ಆಸ್ಪತ್ರೆಗೆ ಸೇರಿದ್ದೋರ ಹೆಸರು ನಿಮ್ಮ ಹತ್ರ ಹೆಂಗೂ ಇರುತ್ತೆ, ಆರು ತಿಂಗಳಿಗೆ ಒಂದ್ಸಲ, ವರ್ಷಕ್ಕೆ ಒಂದ್ಸಲ ಅವರ ಮನೆಗೆ ಹೋಗಿ ಹೊಟ್ಟೆನೋವು ಇದ್ಯಾ, ಬಯಲಕಡೆ ಸರಿಯಾಗಿ ಆಗ್ತಿದ್ಯಾ ಅಂತ ಕೇಳಿ ಬರ್ಕೊಳ್ಳಿ, ಇದ್ದೋರನ್ನ ಜಿಲ್ಲಾಸ್ಪತ್ರೆಗೆ ಕಳಿಸಿ. ಈ ಕೆಲಸಾನ ಆಶಾ ಕಾರ್ಯಕರ್ತೆಯರ ತಲೆಗೆ ಬಿಟ್ಟಿಯಾಗಿ ಕಟ್ಟಬೇಡಿ, ಅದಕ್ಕೆ ಬೇರೆ ದುಡ್ಡು ಕೊಡಿ.

ಇತಿ,
ಒಬ್ಬ ಓದುಗ, ಹಿರಿಯೂರು